ಮಾಜಿ ಶಾಸಕರೊಬ್ಬರ ಪತ್ರಗಳು ರದ್ದಿಯಲ್ಲಿ ಸಿಕ್ಕಿವೆ, ಯಾರಿಗೆ ಕೊಡಬೇಕು?

ಹಳೇಪೇಟೆ ಓದುಗ:

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಹೋದ ಭಾನುವಾರ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹಳೆ ಪುಸ್ತಕ ಹುಡುಕಲು ಹೋಗಿದ್ದೆ. ಒಂದು ಅಂಗಡಿಯ ಹಿಂದೆ ಗೋಣಿಚೀಲ ಇತ್ತು. ಬಾಯಿ ಬಿಚ್ಚಿತ್ತು, ಮೇಲೆ ನೀಲಿ ಇನ್‌ಲ್ಯಾಂಡ್ ಲೆಟರ್‌ಗಳು ಕಾಣುತ್ತಿದ್ದವು. ಒಂದನ್ನು ತೆಗೆದು ನೋಡಿದೆ. "ಮಾನ್ಯ ಶಾಸಕರಲ್ಲಿ ನಮ್ಮ ಗ್ರಾಮಸ್ಥರ ಬಿನ್ನಹ" ಅಂತ ಶುರುವಾಗಿತ್ತು. ಇನ್ನೊಂದು ತೆಗೆದೆ, ಅದೂ ಹಾಗೇ. ಅಂಗಡಿಯವರನ್ನು ಕೇಳಿದರೆ, ಯಾವುದೋ ಮನೆ ಖಾಲಿ ಮಾಡಿದಾಗ ತೂಕಕ್ಕೆ ಬಂದದ್ದು, ಒಳಗೆ ಏನಿದೆ ಅಂತ ನಾವು ನೋಡಿಲ್ಲ ಅಂದರು. ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಟ್ಟು ಇಡೀ ಚೀಲವನ್ನು ಆಟೋದಲ್ಲಿ ಹಾಕಿಕೊಂಡು ಬಂದೆ.

ಈಗ ಹಾಲ್‌ನಲ್ಲಿ ಚಾಪೆ ಹಾಸಿ ಹರಡಿದ್ದೇವೆ. ಹೆಚ್ಚಿನವು 1970ರ ದಶಕದ ಕೊನೆಯವು, ಉಳಿದವು 80ರ ದಶಕದವು. ಎರಡು ಸಲ ಗೆದ್ದಿದ್ದ ಒಬ್ಬ ಶಾಸಕರಿಗೆ ಕ್ಷೇತ್ರದ ಜನ ಬರೆದ ಪತ್ರಗಳು. ಅವರ ಹೆಸರು ಇಲ್ಲಿ ಹಾಕುವುದಿಲ್ಲ, ಕುಟುಂಬದವರು ಇರಬಹುದು.

ಒಂದು ಪತ್ರ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. 1979ರದ್ದು. ಕೇರಿಯ ಹೆಂಗಸರು ಯಾರ ಕೈಲೋ ಬರೆಸಿದ್ದು. ಬಾವಿ ಬತ್ತಿದೆ, ಊರ ಬಾವಿಗೆ ಹೋದರೆ ಮುಟ್ಟಗೊಡುವುದಿಲ್ಲ, ಬೇರೆಯವರು ಸೇದಿ ಹಾಕುವ ತನಕ ಬಿಸಿಲಲ್ಲಿ ಕಾಯಬೇಕು ಅಂತ ಬರೆದಿದ್ದಾರೆ. ಕೆಳಗೆ ಹನ್ನೊಂದು ಹೆಬ್ಬೆಟ್ಟಿನ ಗುರುತು, ಒಂದೇ ಒಂದು ಸಹಿ. ಪಕ್ಕದಲ್ಲಿ ಶಾಸಕರ ಅಕ್ಷರ, ಕೆಂಪು ಪೆನ್ಸಿಲಿನಲ್ಲಿ: "ಬಿ.ಡಿ.ಒ.ಗೆ ಹೇಳಿದೆ. ಆಗಿಲ್ಲ. ಡಿ.ಸಿ.ಗೆ ಬರೆದೆ. 15ಕ್ಕೆ ಮತ್ತೆ ಕೇಳುವುದು." (ಬಿ.ಡಿ.ಒ. ಅಂದರೆ ಬ್ಲಾಕ್ ಅಭಿವೃದ್ಧಿ ಅಧಿಕಾರಿ, ಡಿ.ಸಿ. ಅಂದರೆ ಜಿಲ್ಲಾಧಿಕಾರಿ.) ಅದರ ಕೆಳಗೆ ಶಾಯಿಯಲ್ಲಿ, ಏಳು ತಿಂಗಳ ನಂತರದ ತಾರೀಖು ಹಾಕಿ, "ಬೋರ್ ಆಯಿತು. ನೀರು ಚೆನ್ನಾಗಿದೆ."

ಆ ಏಳು ತಿಂಗಳು ಒಬ್ಬ ಜನಪ್ರತಿನಿಧಿ ಏನು ಮಾಡಿದರು ಅನ್ನುವುದಕ್ಕೆ ಬೇರೆಲ್ಲಾದರೂ ದಾಖಲೆ ಇದೆಯೇ? ಇದು ಯಾರ ಆಸ್ತಿ? ನನ್ನದಂತೂ ಅಲ್ಲ ಅನ್ನಿಸುತ್ತಿದೆ. ಯಾರಿಗೆ ಕೊಟ್ಟರೆ ಉಳಿಯುತ್ತದೆ, ಯಾರಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಬಂದು ಓದಬಹುದು?

ನಿವೃತ್ತ ಶಾಖಾಧಿಕಾರಿ:

ಓದುಗ ಅವರೇ, ಮೊದಲು ನಿಮಗೆ ಕೈ ಮುಗಿಯುತ್ತೇನೆ. ಆ ಚೀಲ ಎರಡು ದಿನ ಬಿಟ್ಟಿದ್ದರೆ ಕಾಗದದ ಗಿರಣಿಗೆ ಹೋಗಿರುತ್ತಿತ್ತು.

ನಾನು ಸಚಿವಾಲಯದಲ್ಲಿ 30 ವರ್ಷಕ್ಕಿಂತ ಜಾಸ್ತಿ ಕಡತಗಳ ನಡುವೆಯೇ ಇದ್ದವನು. ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಒಂದು ವ್ಯತ್ಯಾಸ ಹೇಳಬೇಕು. ಸರ್ಕಾರಿ ಕಡತ ಬೇರೆ, ಜನಪ್ರತಿನಿಧಿಯ ಕೈಲಿರುವ ಕಾಗದ ಬೇರೆ.

ಕಡತದಲ್ಲಿ ಎರಡು ಭಾಗ. ಒಂದು ಪತ್ರ ವ್ಯವಹಾರ, ಇನ್ನೊಂದು ಟಿಪ್ಪಣಿ ಹಾಳೆ. ಹೊರಗೆ ಬರುವ ಆದೇಶ ಅರ್ಧ ಪುಟ ಇರಬಹುದು. ಆದರೆ ಅದರ ಹಿಂದಿನ ಟಿಪ್ಪಣಿಯಲ್ಲಿ ಎಲ್ಲಾ ಇರುತ್ತದೆ. ವಿಷಯ ನಿರ್ವಾಹಕ ಏನು ಬರೆದ, ಆರ್ಥಿಕ ಇಲಾಖೆ ಯಾಕೆ ಬೇಡ ಅಂದಿತು, ಕಾರ್ಯದರ್ಶಿ ಎಲ್ಲಿ ತಡೆದರು, ಕೊನೆಗೆ ಸಚಿವರು ಅಥವಾ ಮುಖ್ಯಮಂತ್ರಿಗಳು ಯಾವ ಷರಾ ಬರೆದು ಸಹಿ ಹಾಕಿದರು, ಎಲ್ಲಾ. ಒಂದು ಸರ್ಕಾರ ಹೇಗೆ ಯೋಚನೆ ಮಾಡಿತು ಅಂತ ತಿಳಿಯಬೇಕಾದರೆ ಆ ಟಿಪ್ಪಣಿ ಹಾಳೆಯೇ ಬೇಕು, ಆದೇಶ ಸಾಲದು.

ಕೆಲಸ ಮುಗಿದ ಮೇಲೆ ಕಡತಕ್ಕೆ ವರ್ಗ ಹಾಕುತ್ತೇವೆ. 'ಎ' ಅಂದರೆ ಶಾಶ್ವತ. 'ಸಿ' ಅಂದರೆ 10 ವರ್ಷ, 'ಡಿ' ಅಂದರೆ 5 ವರ್ಷ. ಅವಧಿ ಮುಗಿದರೆ ನಾಶ. ವರ್ಗ ಹಾಕುವುದು ಒಬ್ಬ ಗುಮಾಸ್ತ, ಸಂಜೆ ಐದೂವರೆಗೆ, ಮೇಜಿನ ಮೇಲೆ ಇನ್ನೂ ನಲವತ್ತು ಕಡತ ಇಟ್ಟುಕೊಂಡು. ಅವನ ಕೈಯಲ್ಲಿ ಒಂದು ಅಕ್ಷರ ತಪ್ಪಿದರೆ ಮುಖ್ಯಮಂತ್ರಿಗಳ ಕೈಬರಹ ಇರುವ ಹಾಳೆಯೂ ಹೋಗುತ್ತದೆ. ನನ್ನ ಕಣ್ಣೆದುರೇ ಹೋಗಿವೆ. ಇವತ್ತಿಗೂ ಸಂಕಟ ಆಗುತ್ತದೆ.

ಕಡತಕ್ಕಾದರೆ ಒಂದು ನಿಯಮ ಅಂತಾದರೂ ಇದೆ. ಸಚಿವರ ಆಪ್ತ ಶಾಖೆಯಲ್ಲಿ ಇರುವ ಪತ್ರ, ಡೈರಿ, ಪ್ರವಾಸದ ಟಿಪ್ಪಣಿ, ಜನರ ಅಹವಾಲು, ಇವು ಸರ್ಕಾರ ಬದಲಾದ ರಾತ್ರಿ ಎಲ್ಲಿಗೆ ಹೋಗುತ್ತವೆ ಅಂತ ಕೇಳುವವರೇ ಇಲ್ಲ. ಕೆಲವು ಕಾರಿನ ಡಿಕ್ಕಿಯಲ್ಲಿ ಮನೆಗೆ, ಕೆಲವು ಕಾರಿಡಾರಿನ ಮೂಲೆಗೆ. ಶಾಸಕರ ಮನೆಗೆ ಬರುವ ಪತ್ರಗಳಂತೂ ಯಾವ ಲೆಕ್ಕಕ್ಕೂ ಸೇರಿಲ್ಲ.

ಧಾರವಾಡದ ವಕೀಲ:

ಹಿರಿಯರು ಸರಿಯಾಗಿ ಹೇಳಿದ್ದಾರೆ. ಕಾನೂನು ಏನಿದೆ ಅಂತ ನಾನು ಸ್ವಲ್ಪ ಸೇರಿಸುತ್ತೇನೆ.

ಕೇಂದ್ರದಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಅದರ ಪ್ರಕಾರ ಸರ್ಕಾರಿ ದಾಖಲೆಯನ್ನು ನಿಯಮ ಮೀರಿ ನಾಶ ಮಾಡಿದರೆ 5 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 1892ಕ್ಕಿಂತ ಹಿಂದಿನ ದಾಖಲೆಯನ್ನಂತೂ ಪೂರ್ತಿ ಹಾಳಾಗಿ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದರೆ ಮಾತ್ರ ತೆಗೆಯಬಹುದು. ಆದರೆ ಆ ಕಾಯ್ದೆ ರಾಜ್ಯ ಸರ್ಕಾರಗಳ ಕಚೇರಿಗೆ ಅನ್ವಯ ಆಗುವುದಿಲ್ಲ. ಅದಕ್ಕೇ ನಮ್ಮ ರಾಜ್ಯ 2010ರಲ್ಲಿ ತನ್ನದೇ ಸಾರ್ವಜನಿಕ ದಾಖಲೆಗಳ ಕಾಯ್ದೆ ತಂದಿತು.

ಇನ್ನು ಮಾಹಿತಿ ಹಕ್ಕು. 2005ರ ಕಾಯ್ದೆಯನ್ನು ನಾವು ಅರ್ಜಿ ಹಾಕುವ ಕಾಯ್ದೆ ಅಂತ ಮಾತ್ರ ನೋಡುತ್ತೇವೆ. ಅದರ 4ನೇ ಸೆಕ್ಷನ್ನಿನ ಮೊದಲ ಮಾತೇ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ ಇಡಬೇಕು ಅನ್ನುವುದು. ಅದನ್ನು ಯಾರೂ ಓದುವುದಿಲ್ಲ. 8ನೇ ಸೆಕ್ಷನ್ನಿನಲ್ಲಿ ಇನ್ನೊಂದು ಒಳ್ಳೆ ಮಾತಿದೆ: 20 ವರ್ಷ ದಾಟಿದ ಘಟನೆಯಾದರೆ ಹೆಚ್ಚಿನ ವಿನಾಯಿತಿಗಳು ಬಿದ್ದುಹೋಗುತ್ತವೆ. ದೇಶದ ಭದ್ರತೆ, ಶಾಸಕಾಂಗದ ಹಕ್ಕುಚ್ಯುತಿ, ಸಚಿವ ಸಂಪುಟದ ಕಾಗದ, ಈ ಮೂರು ಮಾತ್ರ ಉಳಿಯುತ್ತವೆ.

ಆದರೆ ಇದೆಲ್ಲಾ ಸರ್ಕಾರದ ಕೈಲಿರುವ ದಾಖಲೆಗೆ. ಓದುಗ ಅವರ ಚೀಲಕ್ಕೆ ಇವುಗಳಲ್ಲಿ ಯಾವ ಕಾಯ್ದೆಯೂ ಬರುವುದಿಲ್ಲ. ಪತ್ರದ ಕಾಗದ ಪಡೆದವರದ್ದು, ಅದರ ಬರಹದ ಹಕ್ಕು ಬರೆದವರದ್ದು. ಹಾಗಾಗಿ ಪೂರ್ತಿ ಪತ್ರಗಳನ್ನು ಫೋಟೋ ತೆಗೆದು ಸುಮ್ನೆ ಫೇಸ್‌ಬುಕ್‌ಗೆ ಹಾಕಬೇಡಿ ಸರ್. ಮೊದಲು ಆ ಕುಟುಂಬವನ್ನು ಹುಡುಕಿ.

ಕಾಗದವೈದ್ಯೆ:

ಕಾನೂನು ಆಮೇಲೆ ಮಾತಾಡೋಣ. ಮೊದಲು ಆ ಚೀಲ ನೆಲದಿಂದ ಮೇಲೆತ್ತಿ!

ಹಳೆ ಕಾಗದ ದುರಸ್ತಿ ಮಾಡುವುದು ನನ್ನ ಕೆಲಸ. ದಯವಿಟ್ಟು ಹೀಗೆ ಮಾಡಿ. ಗುಂಡುಪಿನ್ನು, ರಬ್ಬರ್ ಬ್ಯಾಂಡು ನಿಧಾನವಾಗಿ ತೆಗೆಯಿರಿ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನು ಎಳೆಯಬೇಡಿ, ಕಾಗದ ಅಲ್ಲೇ ಹರಿಯುತ್ತದೆ. ಅದರ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ ಕಾಲುಗಳನ್ನು ಬಿಡಿಸಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಲೇ ಬೇಡಿ. ಲ್ಯಾಮಿನೇಷನ್ ಮಾಡಿಸಿದರೆ ಅದನ್ನು ಬಿಡಿಸಲು ನಮ್ಮಿಂದಲೂ ಆಗುವುದಿಲ್ಲ. ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ಫ್ಯಾನಿನ ಗಾಳಿ ಸಾಕು, ನೇರ ಬೀಸದ ಹಾಗೆ. ಕೈಗವಸು ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಮುಟ್ಟಿದರೆ ಸಾಕು, ಗವಸು ಹಾಕಿದರೆ ಕಾಗದದ ಅಂಚು ಗೊತ್ತಾಗದೆ ಹರಿಯುವುದೇ ಜಾಸ್ತಿ.

ಇನ್ನೊಂದು ಬಹಳ ಮುಖ್ಯ. ಪತ್ರಗಳು ಯಾವ ಕ್ರಮದಲ್ಲಿ ಇದ್ದವೋ ಅದನ್ನು ಕೆಡಿಸಬೇಡಿ. ದಾರ ಕಟ್ಟಿದ ಕಟ್ಟು ಇದ್ದರೆ ಆ ಕಟ್ಟನ್ನೇ ಒಂದು ಕವರಿಗೆ ಹಾಕಿ, ಮೇಲೆ ಪೆನ್ಸಿಲಿನಲ್ಲಿ ನಂಬರ್ ಹಾಕಿ. ತಾರೀಖಿನ ಪ್ರಕಾರ ಜೋಡಿಸೋಣ ಅಂತ ಎಲ್ಲರಿಗೂ ಆಸೆ ಆಗುತ್ತದೆ. ಆ ಶಾಸಕರು ಊರಿನ ಪ್ರಕಾರ ಕಟ್ಟಿಟ್ಟಿದ್ದರೆ? ಅವರು ಹೇಗೆ ಕೆಲಸ ಮಾಡುತ್ತಿದ್ದರು ಅಂತ ಆ ಕಟ್ಟೇ ಹೇಳುತ್ತದೆ.

ಹಳೇಪೇಟೆ ಓದುಗ:

ಮೇಡಂ, ನೀವು ಹೇಳಿದ್ದು ನೋಡಿ ಎದೆ ಧಸಕ್ಕೆಂದಿತು. ನಿನ್ನೆ ಅರ್ಧ ಚೀಲ ತಾರೀಖಿನ ಪ್ರಕಾರ ಜೋಡಿಸಿಬಿಟ್ಟಿದ್ದೇನೆ. ಉಳಿದರ್ಧ ಮುಟ್ಟಿಲ್ಲ. ಈಗ ನೋಡಿದರೆ ನಿಜವಾಗಿಯೂ ಊರಿನ ಪ್ರಕಾರವೇ ಕಟ್ಟಿದ್ದಾರೆ, ಪ್ರತಿ ಕಟ್ಟಿನ ಮೇಲೆ ಊರ ಹೆಸರಿನ ಚೀಟಿ ಇದೆ. ಪೆನ್ಸಿಲಿನಲ್ಲಿ ನಂಬರ್ ಹಾಕುತ್ತಿದ್ದೇನೆ.

ತುಂಗಾತೀರ:

ನಾನು ಭೂಸುಧಾರಣೆ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಈ ಚರ್ಚೆ ನೋಡಿ ತಡೆಯಲಾಗಲಿಲ್ಲ.

ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂತು, ಉಳುತ್ತಿದ್ದ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಗೇಣಿದಾರರು ಫಾರಂ ನಂ. 7 ಹಾಕಿದರು, ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳು ಕೂತವು. ನಮ್ಮ ಕಡೆ ಎಷ್ಟೋ ಮನೆಗಳು ಇವತ್ತು ನಿಂತಿರುವುದೇ ಆ ಒಂದು ಫಾರಂ ಮೇಲೆ. ಸದನದಲ್ಲಿ ಯಾರು ಏನು ಮಾತಾಡಿದರು ಅಂತ ತಿಳಿಯಲು ವಿಧಾನಸಭೆಯ ನಡವಳಿಗಳಿವೆ. ಊರಲ್ಲಿ ಏನು ತೀರ್ಮಾನ ಆಯಿತು ಅಂತ ತಿಳಿಯಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿದೆ, ಗೆದ್ದಲು ಬಿಟ್ಟಷ್ಟು ಸಿಗುತ್ತದೆ. ನಡುವಿನದ್ದು ಎಲ್ಲಿ? ಗೇಣಿದಾರರು ತಮ್ಮ ಶಾಸಕರಿಗೆ ಏನು ಬರೆದರು, ಜಮೀನಿನ ಒಡೆಯರ ಕಡೆಯಿಂದ ಯಾವ ಒತ್ತಡ ಬಂತು, ಶಾಸಕರು ಮುಖ್ಯಮಂತ್ರಿಗೆ ಏನು ಹೇಳಿದರು? ಆ ನಡುವಿನ ಕಾಗದವೇ ನನಗೆ ಎಲ್ಲೂ ಸಿಗುತ್ತಿಲ್ಲ. ಓದುಗ ಸರ್ ಅವರ ಚೀಲ ಅಂಥದ್ದು.

ಒಂದು ಸಂಗತಿ ನನಗೆ ಯಾವಾಗಲೂ ಬೇಸರ ತರುತ್ತದೆ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು 1881ರಲ್ಲಿ, ರಂಗಾಚಾರ್ಲು ದಿವಾನರಾಗಿದ್ದಾಗ. ಮೊದಲ ಸಭೆಗೆ 144 ಮಂದಿ ಬಂದಿದ್ದರು. ಆಗ ಅವರು ಚುನಾಯಿತರಲ್ಲ, ಚುನಾವಣೆ ಬಂದದ್ದು 1891ರಲ್ಲಿ. ಆ ಸಭೆಗಳ ನಡವಳಿ ಅಚ್ಚಾಗಿದೆ. ಕೆರೆ, ರಸ್ತೆ, ಶಾಲೆ ಅಂತ ಯಾವ ಪ್ರತಿನಿಧಿ ಏನು ಕೇಳಿದ, ಸರ್ಕಾರ ಏನು ಉತ್ತರ ಕೊಟ್ಟಿತು ಅಂತ ನೂರು ವರ್ಷದ ಹಿಂದಿನದ್ದನ್ನೂ ಕೂತು ಓದಬಹುದು. ನಮ್ಮ ಕಾಲದ ಶಾಸಕರ, ಮಂತ್ರಿಗಳ ಕಾಗದ ಹುಡುಕಿದರೆ ಅಷ್ಟೂ ಸಿಗುವುದಿಲ್ಲ.

ರಾಜ್ಯ ಪತ್ರಾಗಾರ ವಿಧಾನಸೌಧದಲ್ಲೇ ಇದೆ, 1973ರಿಂದ. ಅಲ್ಲಿ ಹಳೆ ಮೈಸೂರಿನ ಕಡತಗಳನ್ನು ನಾನೇ ನೋಡಿದ್ದೇನೆ. ಸಿಬ್ಬಂದಿ ಕಡಿಮೆ, ಆದರೆ ಕೇಳಿದ್ದನ್ನು ಹುಡುಕಿ ಕೊಡುತ್ತಾರೆ. ಓದುಗ ಸರ್ ಮೊದಲು ಅಲ್ಲಿ ಕೇಳಿ ನೋಡಬಹುದು ಅನ್ನಿಸುತ್ತದೆ.

ಕಾವೇರಿ ಸೀಮೆ:

ಹಳೆ ಕಡತ ಯಾಕೆ ಬೇಕು ಅನ್ನುವವರಿಗೆ ನಮ್ಮ ಮಂಡ್ಯದವರು ಒಂದೇ ಮಾತು ಹೇಳುತ್ತಾರೆ: 1892, 1924. ಆ ವರ್ಷಗಳ ಎರಡು ಕಾವೇರಿ ನೀರಿನ ಒಪ್ಪಂದದ ಮೇಲೆ ನ್ಯಾಯಮಂಡಳಿಯಲ್ಲಿ, ಸುಪ್ರೀಂ ಕೋರ್ಟಿನಲ್ಲಿ 2018ರವರೆಗೂ ವಾದ ನಡೆಯಿತು. ಕಾಗದ ಇದ್ದವರ ಮಾತಿಗೇ ಬೆಲೆ.

ಆಸ್ಟಿನ್ ಕನ್ನಡಿಗ:

ನಾನು ಇರುವುದು ಅಮೆರಿಕದ ಟೆಕ್ಸಾಸಿನಲ್ಲಿ. ಇಲ್ಲಿ ಲಿಂಡನ್ ಜಾನ್ಸನ್ ಅಧ್ಯಕ್ಷರ ಗ್ರಂಥಾಲಯ ಇದೆ, ಯೂನಿವರ್ಸಿಟಿ ಆವರಣದಲ್ಲೇ. ಊರಿಂದ ಅಪ್ಪ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಒಳಗೆ ಹೋದರೆ ಗಾಜಿನ ಹಿಂದೆ ನಾಲ್ಕು ಅಂತಸ್ತಿನ ಎತ್ತರಕ್ಕೆ ಕೆಂಪು ಪೆಟ್ಟಿಗೆಗಳ ಸಾಲು. ಒಟ್ಟು ನಾಲ್ಕೂವರೆ ಕೋಟಿ ಪುಟ ಅಂತ ಹೇಳುತ್ತಾರೆ. ಅಪ್ಪ ನಿವೃತ್ತ ಮೇಷ್ಟ್ರು, ಅಲ್ಲೇ ನಿಂತುಬಿಟ್ಟರು. "ಇದನ್ನು ಯಾರು ಬೇಕಾದರೂ ಓದಬಹುದಾ?" ಅಂತ ಎರಡು ಸಲ ಕೇಳಿದರು. ಓದಬಹುದು.

ಆದರೆ ಇಲ್ಲೂ ಇದು ಸುಲಭಕ್ಕೆ ಬಂದದ್ದಲ್ಲ. ಮೊದಲಿನಿಂದ ಇಲ್ಲಿ ಅಧ್ಯಕ್ಷರ ಕಾಗದ ಅವರ ಸ್ವಂತ ಆಸ್ತಿ ಅಂತಲೇ ಇತ್ತು. ಕೊಟ್ಟರೆ ಕೊಟ್ಟರು, ಸುಟ್ಟರೆ ಸುಟ್ಟರು. ಫ್ರಾಂಕ್ಲಿನ್ ರೂಸ್‌ವೆಲ್ಟ್ ತಾವಾಗಿಯೇ ಕೊಟ್ಟರು, ಅವರ ಗ್ರಂಥಾಲಯ 1941ರಲ್ಲಿ ತೆರೆಯಿತು, ಅದೇ ಮೊದಲನೆಯದು. ಆಮೇಲೆ ವಾಟರ್‌ಗೇಟ್ ಹಗರಣದ ನಿಕ್ಸನ್ ಕಾಲ ಬಂತು. ಅವರ ಕಚೇರಿಯ ಮಾತುಕತೆಯ ಟೇಪುಗಳು ಅವರ ಕೈಗೇ ಹೋದರೆ ಗತಿ ಏನು ಅಂತ ಹೆದರಿ 1974ರಲ್ಲಿ ಸಂಸತ್ತು ಕಾನೂನು ಮಾಡಿ ಸರ್ಕಾರದ ವಶಕ್ಕೆ ಕೊಟ್ಟಿತು. 1978ರಲ್ಲಿ ಅಧ್ಯಕ್ಷರ ದಾಖಲೆಗಳ ಕಾಯ್ದೆ ಬಂತು. 1981ರ ಜನವರಿ 20ರಿಂದ, ಅಂದರೆ ರೇಗನ್ ಅವರಿಂದ ಶುರುವಾಗಿ, ಅಧ್ಯಕ್ಷರ ಅಧಿಕೃತ ಕಾಗದವೆಲ್ಲಾ ಜನರದ್ದು. ಅಧಿಕಾರ ಬಿಟ್ಟು 5 ವರ್ಷ ಆದ ಮೇಲೆ ಯಾರು ಬೇಕಾದರೂ ಕೇಳಬಹುದು. ಕೆಲವು ಸೂಕ್ಷ್ಮ ವಿಷಯಗಳನ್ನು 12 ವರ್ಷದವರೆಗೆ ತಡೆಯಬಹುದು.

ಜಾನ್ಸನ್ ಅವರ ಫೋನ್ ಟೇಪುಗಳದ್ದು ಇನ್ನೊಂದು ಕಥೆ. ತಾನು ಸತ್ತು 50 ವರ್ಷ ಆಗುವ ತನಕ ತೆರೆಯಬಾರದು ಅಂತ ಅವರ ಇಚ್ಛೆ ಇತ್ತು. ಸತ್ತದ್ದು 1973ರಲ್ಲಿ. ಅಷ್ಟು ಕಾದರೆ ಟೇಪೇ ಹಾಳಾಗುತ್ತದೆ ಅನ್ನುವ ಭಯ, ಜೊತೆಗೆ ಅವರ ಹೆಂಡತಿಯ ಒಪ್ಪಿಗೆ. ಹಾಗಾಗಿ 1993ರಿಂದಲೇ ಬಿಡುಗಡೆ ಮಾಡತೊಡಗಿದರು. ಈಗ ಮನೆಯಲ್ಲೇ ಕೂತು ಕೇಳಬಹುದು.

ಒಂದು ಮಾತು. ಇಲ್ಲಿಯೂ ಆ ಕಾಯ್ದೆ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ ಮಾತ್ರ. ಸಂಸತ್ ಸದಸ್ಯರ ಸ್ವಂತ ಕಚೇರಿಯ ಕಾಗದ ಇವತ್ತಿಗೂ ಅವರದ್ದೇ. ಆದರೆ ತಮ್ಮ ಊರಿನ ಯೂನಿವರ್ಸಿಟಿಗೆ ಕೊಡುವ ರೂಢಿ ಬೆಳೆದಿದೆ. ನಮ್ಮಲ್ಲಿ ಆ ರೂಢಿಯಾದರೂ ಬರಬಾರದಾ?

ಮಾಜಿ ಅಧ್ಯಕ್ಷೆ, ಗ್ರಾಮ ಪಂಚಾಯಿತಿ:

ನೀವೆಲ್ಲಾ ಮುಖ್ಯಮಂತ್ರಿ, ಅಮೆರಿಕದ ಅಧ್ಯಕ್ಷರ ಬಗ್ಗೆ ಬರೆಯುತ್ತಿದ್ದೀರಿ. ನಾವೂ ಚುನಾಯಿತರೇ ಅಲ್ವಾ? ನಮ್ಮದೂ ಒಂದು ಮಾತು ಇರಲಿ.

ನಾನು ಅಧ್ಯಕ್ಷೆ ಆಗಿದ್ದಾಗ ನಮ್ಮ ಊರಿನ ಸ್ಮಶಾನದ ಜಾಗಕ್ಕೆ ಠರಾವು ಮಾಡಿದ್ದೆವು. ನಾನೇ ಸಹಿ ಹಾಕಿದ್ದೆ, ಹದಿಮೂರು ಸದಸ್ಯರೂ ಹಾಕಿದ್ದರು. ನನ್ನ ಅವಧಿ ಮುಗಿದು ಆರು ವರ್ಷಕ್ಕೆ ಅದೇ ಜಾಗದ ಮೇಲೆ ತಕರಾರು ಬಂತು. ಠರಾವಿನ ನಕಲು ಕೊಡಿ ಅಂತ ಕೇಳಿದರೆ ಆ ವರ್ಷದ ನಡಾವಳಿ ಪುಸ್ತಕವೇ ಇಲ್ಲ. ಕಟ್ಟಡ ಬದಲಾಯಿಸಿದಾಗ ಎಲ್ಲೋ ಹೋಯಿತು ಅಂದರು. ನಾನು ಅಲ್ಲಿ ನಿಂತು ಅತ್ತುಬಿಟ್ಟೆ. ಐದು ವರ್ಷ ಮನೆ ಕೆಲಸ, ಹೊಲದ ಕೆಲಸ ಬಿಟ್ಟು ಓಡಾಡಿದ್ದಕ್ಕೆ ಒಂದು ಹಾಳೆ ಸಾಕ್ಷಿ ಇಲ್ಲ.

ನಮ್ಮ ಅತ್ತೆ 1987ರಲ್ಲಿ ಮಂಡಲ ಪಂಚಾಯಿತಿ ಸದಸ್ಯೆ ಆಗಿದ್ದವರು. ಆಗ ಹೆಂಗಸರಿಗೆ ಕಾಲು ಭಾಗ ಸೀಟು ಮೀಸಲು ಬಂದಿತ್ತಲ್ಲ, ಅದರಲ್ಲಿ ಗೆದ್ದದ್ದು. ಸಭೆಯಲ್ಲಿ ಏನು ಮಾತಾಡಿದಿರಿ ಅಂದರೆ "ಶಾಲೆ ಹಂಚು ಹಾರಿಹೋಗಿತ್ತು, ಅದನ್ನು ಕೇಳಿದೆ" ಅನ್ನುತ್ತಾರೆ. ಆ ಪುಸ್ತಕವೂ ಈಗ ಇಲ್ಲ. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂದಾಗ ಏನಾಯಿತೋ. ಅವರಿಗೆ ಈಗ ವಯಸ್ಸಾಗಿದೆ. ಅವರು ಹೋದ ಮೇಲೆ ಆ ಒಂದು ಸಾಲೂ ಹೋಗುತ್ತದೆ.

ನಿವೃತ್ತ ಶಾಖಾಧಿಕಾರಿ:

ತಾಯಿ, ನಿಮ್ಮ ಅತ್ತೆಯವರ ಮಾತನ್ನು ಇವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಹೆಸರು, ಊರು, ತಾರೀಖು ಮೊದಲು ಹೇಳಿಸಿ. ನಾಳೆ ಅಂತ ಇಡಬೇಡಿ.

ಯಲಹಂಕದಿಂದ:

ನಾನು ಇನ್ನೊಂದು ಕಡೆಯ ಮಾತು ಹೇಳಬೇಕು. ನಮ್ಮ ತಾತ ಶಾಸಕರಾಗಿದ್ದರು. ಅವರು ತೀರಿಕೊಂಡ ಮೇಲೆ ಎರಡು ಟ್ರಂಕು ಕಾಗದ ಇತ್ತು. ನಾವೇ ಸುಟ್ಟೆವು.

ಬೈಯುವ ಮುಂಚೆ ಕೇಳಿ. ಎರಡು ಕೋಣೆಯ ಫ್ಲಾಟು, ಗೆದ್ದಲು ಬೇರೆ. ಯಾರಾದರೂ ಓದಿ ತಾತನ ಹೆಸರು ಕೆಡಿಸಿದರೆ ಅಂತ ಅಜ್ಜಿಗೆ ಭಯ. ಒಂದು ಕಡೆ ಕೇಳಿದೆವು, ಪಟ್ಟಿ ಮಾಡಿಕೊಂಡು ತಂದರೆ ನೋಡೋಣ ಅಂದರು. ಎರಡು ಟ್ರಂಕಿಗೆ ಪಟ್ಟಿ ಯಾರು ಮಾಡುತ್ತಾರೆ? ಯಾರಾದರೂ ಮನೆಗೆ ಬಂದು "ನಾವು ತೆಗೆದುಕೊಂಡು ಹೋಗುತ್ತೇವೆ, ಅಜ್ಜಿ ಬೇಡ ಅಂದದ್ದನ್ನು ಮುಚ್ಚಿಡುತ್ತೇವೆ" ಅಂದಿದ್ದರೆ ಕೊಟ್ಟುಬಿಡುತ್ತಿದ್ದೆವು. ಈಗ ನನ್ನ ಮಗಳು ಮುತ್ತಾತನ ಬಗ್ಗೆ ಶಾಲೆಯಲ್ಲಿ ಬರೆಯಬೇಕು ಅಂದಾಗ ನನ್ನ ಹತ್ತಿರ ಒಂದು ಫೋಟೋ ಬಿಟ್ಟು ಬೇರೇನೂ ಇಲ್ಲ. ಬಹಳ ನೋವಾಗುತ್ತದೆ.

ಧಾರವಾಡದ ವಕೀಲ:

ಬರೆದದ್ದಕ್ಕೆ ಧನ್ಯವಾದ. ಬೈಯುವಂಥದ್ದು ಏನೂ ಇಲ್ಲ. ನಿಮ್ಮ ಅಜ್ಜಿಯ ಭಯಕ್ಕೆ ಒಂದು ದಾರಿ ಇದೆ, ಅದು ಯಾರಿಗೂ ಗೊತ್ತಿಲ್ಲ ಅನ್ನುವುದೇ ಸಮಸ್ಯೆ. ಕೊಡುವಾಗ ಒಂದು ದಾನಪತ್ರ ಬರೆಸಬಹುದು. ಈ ಕಟ್ಟು ಇಂಥ ವರ್ಷದವರೆಗೆ ಮುಚ್ಚಿರಬೇಕು, ಇದನ್ನು ಈಗಲೇ ತೆರೆಯಬಹುದು, ಒಂದು ನಕಲು ಕುಟುಂಬಕ್ಕೆ ಕೊಡಬೇಕು, ಹೀಗೆ.

ಬಾಯಿಮಾತಲ್ಲಿ ಕೊಟ್ಟರೆ ಮುಂದೆ ಜಗಳ. ನೆಹರೂ ಅವರ ಪತ್ರಗಳದ್ದೇ ನೋಡಿ. ದೆಹಲಿಯ ತೀನ್ ಮೂರ್ತಿ ಭವನದ ಸಂಗ್ರಹದಿಂದ 2008ರಲ್ಲಿ 51 ಪೆಟ್ಟಿಗೆ ಕುಟುಂಬದ ಕಡೆಗೆ ಹೋದವು. ಅವು ಕುಟುಂಬದ ಖಾಸಗಿ ಕಾಗದವೋ, ದೇಶದ್ದೋ ಅಂತ ಇವತ್ತಿಗೂ ಎಳೆದಾಟ ನಡೆದಿದೆ. ಯಾವ ಪಕ್ಷದವರು ಏನೇ ಹೇಳಲಿ, ಇಲ್ಲಿ ರಾಜಕೀಯ ಬೇಡ. ಅಷ್ಟು ದೊಡ್ಡವರ ಕಾಗದಕ್ಕೇ ಇಷ್ಟು ಗೊಂದಲ ಇರುವಾಗ ನಾವು ಸಣ್ಣವರು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ತುಂಗಾತೀರ:

ಮುಚ್ಚಿಡುವುದಕ್ಕೂ ಒಂದು ಮಿತಿ ಬೇಕು ಸರ್. ನೇತಾಜಿ ಅವರ ಕಡತಗಳನ್ನು ಎಷ್ಟು ದಶಕ ಮುಚ್ಚಿಟ್ಟರು! ಪಶ್ಚಿಮ ಬಂಗಾಳ ಸರ್ಕಾರ 2015ರ ಸೆಪ್ಟೆಂಬರಿನಲ್ಲಿ 64 ಕಡತ ತೆರೆಯಿತು, 2016ರ ಜನವರಿ 23ರಂದು ಕೇಂದ್ರ ಮೊದಲ ಕಂತಾಗಿ 100 ಕಡತ ತೆರೆಯಿತು. ಅಷ್ಟರಲ್ಲಿ ಊಹೆಗಳು ಬೆಳೆದು ಹೆಮ್ಮರವಾಗಿದ್ದವು. 1962ರ ಚೀನಾ ಯುದ್ಧದ ಬಗ್ಗೆ ಬರೆದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನಂತೂ ಸರ್ಕಾರ ಇನ್ನೂ ಬಿಡುಗಡೆ ಮಾಡಿಲ್ಲ. ಯುದ್ಧ ಮುಗಿದು 60 ವರ್ಷ ದಾಟಿತು. ಆ ಯುದ್ಧದಲ್ಲಿ ಮಡಿದವರ ಮಕ್ಕಳೂ ಮುದುಕರಾದರು.

ಕೋಡುಗಾರ:

ಎಲ್ಲರೂ ಕಾಗದದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಅದಕ್ಕಿಂತ ಭಯ ಇರುವುದು ಕಂಪ್ಯೂಟರಿನಲ್ಲಿ ಇರುವುದರ ಬಗ್ಗೆ.

ಒಬ್ಬ ಮಾಜಿ ಜನಪ್ರತಿನಿಧಿಯ ಕಚೇರಿಯಲ್ಲಿದ್ದ ಹಳೆ ಫೈಲುಗಳನ್ನು ತೆರೆದುಕೊಡಿ ಅಂತ ಒಮ್ಮೆ ನನಗೆ ಕೊಟ್ಟಿದ್ದರು. 2000ದ ಆಸುಪಾಸಿನವು, ಸಿ.ಡಿ.ಯಲ್ಲಿ ಇದ್ದವು. ತೆರೆದರೆ ಪುಟದ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಎಲ್ಲಾ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ಥರ ಕಾಣಿಸುವ ಯುನಿಕೋಡ್ ಆಗ ಬಳಕೆಯಲ್ಲಿ ಇರಲಿಲ್ಲ. ನುಡಿ, ಬರಹ, ಶ್ರೀಲಿಪಿ ಅಂತ ಒಬ್ಬೊಬ್ಬರು ಒಂದೊಂದರಲ್ಲಿ ಟೈಪ್ ಮಾಡುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಕನ್ನಡವೇ ಕಾಣುವುದಿಲ್ಲ. ನುಡಿಯದ್ದನ್ನು ಪರಿವರ್ತಕ ಹಾಕಿ ಬಿಡಿಸಿದೆ, ಆದರೂ ಒತ್ತಕ್ಷರ ಅಲ್ಲಲ್ಲಿ ಕೆಟ್ಟಿತ್ತು. ಕೆಲವು ಸಿ.ಡಿ. ಓದಲೇ ಇಲ್ಲ. 1881ರ ಅಚ್ಚಿನ ಪುಸ್ತಕವನ್ನು ಕಣ್ಣಿದ್ದವರು ಓದಬಹುದು. 2001ರ ಫೈಲನ್ನು ಓದಲು ನನ್ನಂಥವನೊಬ್ಬ ಬೇಕಾಯಿತು.

ಈಗಿನದ್ದು ಇನ್ನೂ ಕಷ್ಟ. ಇ-ಆಫೀಸ್‌ನಲ್ಲಿ ಕಡತ ಉಳಿಯಬಹುದು. ಆದರೆ "ಸರಿ, ಮಾಡಿ" ಅನ್ನುವ ಮಾತು ವಾಟ್ಸ್ಆಪ್‌ನಲ್ಲಿ ಹೋಗುತ್ತದೆ. ಹಿಂದೆ ಹಾಳೆಯ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತಿದ್ದರಲ್ಲ, ಅದು ಈಗ ಫೋನ್ ಬದಲಾಯಿಸಿದ ದಿನ ಹೋಗುತ್ತದೆ.

ಸಾಮಾಜಿಕ ಜಾಲತಾಣದ ಖಾತೆಗಳೂ ದಾಖಲೆಯೇ. 2014ರ ಮೇ ತಿಂಗಳಲ್ಲಿ ಪ್ರಧಾನಿ ಕಚೇರಿಯ ಟ್ವಿಟರ್ ಖಾತೆಯನ್ನು ಹಳೆಯ ತಂಡ ಹೆಸರು ಬದಲಿಸಿ 'ಆರ್ಕೈವ್' ಅಂತ ಮಾಡಿದಾಗ ದೊಡ್ಡ ಗಲಾಟೆ ಆಯಿತು, ನೆನಪಿದೆಯಾ? ಖಾತೆ ಯಾರದ್ದು, ಹಳೆ ಮಾತುಗಳು ಎಲ್ಲಿ ಉಳಿಯಬೇಕು ಅಂತ ಮೊದಲೇ ನಿಯಮ ಇದ್ದಿದ್ದರೆ ಆ ಗಲಾಟೆ ಆಗುತ್ತಲೇ ಇರಲಿಲ್ಲ. ಮೂರು ವರ್ಷದ ನಂತರ ಅಮೆರಿಕದಲ್ಲಿ ಒಬಾಮಾ ಹೋದಾಗ ಅವರ ಕಾಲದ ಟ್ವೀಟುಗಳನ್ನೆಲ್ಲಾ ಬೇರೆ ಖಾತೆಗೆ ಸಾಗಿಸಿ, ಹೊಸಬರಿಗೆ ಖಾಲಿ ಖಾತೆ ಕೊಟ್ಟರು. ಇಷ್ಟೇ ಸಾಕು. ನಮ್ಮ ಮುಖ್ಯಮಂತ್ರಿಗಳ ಖಾತೆಗಳಿಗೂ ಇದನ್ನು ಮಾಡಲು ಹಣ ಬೇಡ, ಒಂದು ಆದೇಶ ಸಾಕು.

ವಿಧಾನಸಭೆಯ ಹಳೆ ನಡವಳಿಗಳ ಸ್ಕ್ಯಾನ್ ಜಾಲತಾಣದಲ್ಲಿ ಇವೆ. ಅದು ದೊಡ್ಡ ಕೆಲಸ, ಮಾಡಿದವರಿಗೆ ನಮಸ್ಕಾರ. ಆದರೆ ಅವು ಚಿತ್ರಗಳು. ನನ್ನ ಊರಿನ ಹೆಸರು ಕೊಟ್ಟು ಹುಡುಕಲು ಆಗುವುದಿಲ್ಲ. ಯಾವ ವರ್ಷ, ಯಾವ ದಿನ ಅಂತ ಗೊತ್ತಿದ್ದವನಿಗೆ ಮಾತ್ರ ಸಿಗುತ್ತದೆ. ಸದನದಲ್ಲಿ ಮಂತ್ರಿಗಳು ಬಾಯಲ್ಲೇ ಉತ್ತರ ಹೇಳುವ ಚುಕ್ಕೆ ಗುರುತಿನ ಪ್ರಶ್ನೆಗಳನ್ನಾದರೂ ಅಕ್ಷರಕ್ಕೆ ಇಳಿಸಿದರೆ ಪ್ರತಿ ಊರಿನವರೂ ತಮ್ಮ ಶಾಸಕರು ಏನು ಕೇಳಿದ್ದರು ಅಂತ ನೋಡಬಹುದು. ಕನ್ನಡ ವಿಕಿಸೋರ್ಸ್ ಅನ್ನುವ ಉಚಿತ ಜಾಲ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಪುಟಪುಟವಾಗಿ ತಿದ್ದುವ ಗೆಳೆಯರಿದ್ದಾರೆ. ಹತ್ತು ಜನ ಸೇರಿದರೆ ನಾನು ಶುರು ಮಾಡಲು ಸಿದ್ಧ.

ಮಾಜಿ ಅಧ್ಯಕ್ಷೆ, ಗ್ರಾಮ ಪಂಚಾಯಿತಿ:

ನನ್ನ ಮಗಳು ಬರುತ್ತಾಳೆ. ಟೈಪಿಂಗ್ ಚೆನ್ನಾಗಿ ಗೊತ್ತು.

ಇನ್ನೊಂದು, ಅತ್ತೆಯ ಮಾತು ರೆಕಾರ್ಡ್ ಮಾಡಿದೆ. 22 ನಿಮಿಷ. ಶಾಲೆ ಹಂಚಿನ ಜೊತೆಗೆ ಸಾರಾಯಿ ಅಂಗಡಿ ವಿಷಯವೂ ಬಂತು, ನನಗೆ ಇಷ್ಟು ವರ್ಷ ಹೇಳಿರಲೇ ಇಲ್ಲ.

ಹಳೇಪೇಟೆ ಓದುಗ:

ಮೂರು ವಾರ ಬರೆಯಲಿಲ್ಲ, ಕ್ಷಮಿಸಿ. ಈ ನಡುವೆ ಏನೇನು ಆಯಿತು ಅಂತ ಹೇಳುತ್ತೇನೆ.

ಪಟ್ಟಿ ಮುಗಿಯಿತು. 41 ಕಟ್ಟು, ಬಿಡಿ ಪತ್ರಗಳು ಬೇರೆ. ನಾನು ಕೆಡಿಸಿದ ಅರ್ಧ ಚೀಲದಲ್ಲಿ ಪತ್ರದಲ್ಲಿರುವ ಊರ ಹೆಸರು ನೋಡಿ ಆದಷ್ಟು ಮತ್ತೆ ಜೋಡಿಸಿದೆ, ಯಾವುದು ನನ್ನ ಅಂದಾಜು ಅಂತ ಪಟ್ಟಿಯಲ್ಲಿ ಬರೆದಿದ್ದೇನೆ.

ಓದುತ್ತಾ ಹೋದಾಗ ವಕೀಲರು ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಯಿತು. ಎಲ್ಲಾ ಪತ್ರವೂ ರಸ್ತೆ, ಬೋರು ಅಲ್ಲ. ಗಂಡನ ಮನೆಯಿಂದ ಓಡಿಬಂದ ಹುಡುಗಿಯೊಬ್ಬಳು ಹಾಸ್ಟೆಲ್ ಸೀಟು ಕೇಳಿ ಬರೆದಿದ್ದಾಳೆ. ಮಗನಿಗೆ ಬುದ್ಧಿ ಸ್ಥಿಮಿತ ಇಲ್ಲ, ನಿಮ್ಹಾನ್ಸ್‌ಗೆ ಸೇರಿಸಿ ಅಂತ ಒಬ್ಬ ತಂದೆ ಬರೆದಿದ್ದಾರೆ. ಇವರು ಶಾಸಕರನ್ನು ನಂಬಿ ಬರೆದದ್ದು, ನನ್ನನ್ನು ನಂಬಿ ಅಲ್ಲ. ಅವನ್ನು ಬೇರೆ ಕವರಿಗೆ ಹಾಕಿ ಮುಚ್ಚಿದ್ದೇನೆ. ಮೂಲ ಕಟ್ಟಿನಲ್ಲಿ ಆ ಜಾಗಕ್ಕೆ ಒಂದು ಚೀಟಿ ಇಟ್ಟಿದ್ದೇನೆ. ಬಾವಿಯ ಪತ್ರವನ್ನು ಮಾತ್ರ ಹೇಗಾದರೂ ಜನ ನೋಡಬೇಕು, ಆ ಹನ್ನೊಂದು ಹೆಬ್ಬೆಟ್ಟಿನವರ ಮೊಮ್ಮಕ್ಕಳು ನೋಡಬೇಕು ಅಂತ ಆಸೆ.

ಕುಟುಂಬ ಸಿಕ್ಕಿತು. ಶಾಸಕರ ಹಿರಿ ಮಗಳು, ಎಪ್ಪತ್ತು ದಾಟಿದವರು. ಅಣ್ಣನ ಮನೆ ಖಾಲಿ ಮಾಡಿದಾಗ ಚೀಲ ಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ಕೆಂಪು ಪೆನ್ಸಿಲಿನ ಅಕ್ಷರ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಅಪ್ಪ ರಾತ್ರಿ ಊಟ ಆದ ಮೇಲೆ ಇದನ್ನೇ ಮಾಡ್ತಿದ್ರು, ನಾವು ಪೆನ್ಸಿಲ್ ಹೆರೆದು ಕೊಡ್ತಿದ್ವಿ" ಅಂದರು. ದಾನಪತ್ರಕ್ಕೆ ಒಪ್ಪಿದ್ದಾರೆ. ವಕೀಲರು ಕಳಿಸಿದ ಕರಡನ್ನು ಓದಿ ಎರಡು ಕಡೆ ತಿದ್ದಿಸಿದ್ದಾರೆ. ಮುಚ್ಚಿದ ಕವರುಗಳು 2050ರವರೆಗೆ ಮುಚ್ಚಿರಲಿ, ಉಳಿದದ್ದನ್ನು ಯಾರು ಕೇಳಿದರೂ ತೋರಿಸಬೇಕು ಅನ್ನುವುದು ಅವರ ಶರತ್ತು. ಪತ್ರಾಗಾರಕ್ಕೆ ಮನವಿ ಕೊಟ್ಟಿದ್ದೇವೆ, ಉತ್ತರ ಬರಬೇಕು.

ಹೊರಡುವಾಗ ಅವರು ಅಟ್ಟದ ಕಡೆ ಕೈ ತೋರಿಸಿದರು. ಅಲ್ಲೊಂದು ಕಬ್ಬಿಣದ ಟ್ರಂಕು, ಬೀಗದ ಕೈ ಕಳೆದು ಎಷ್ಟೋ ವರ್ಷ ಆಗಿದೆಯಂತೆ. ಡೈರಿಗಳು ಇರಬೇಕು ಅಂದರು.

ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಳಿಸುತ್ತೇವೆ. ಕಾಗದವೈದ್ಯೆ ಮೇಡಂ ಬರುತ್ತೇನೆ ಅಂದಿದ್ದಾರೆ, ಬೀಗದವನಿಗೂ ಹೇಳಿದ್ದೇನೆ. ಇನ್ನಿಬ್ಬರು ಬೇಕು. ಪೆನ್ಸಿಲು, ಕಂದು ಬಣ್ಣದ ದೊಡ್ಡ ಕವರು, ಹತ್ತಿಬಟ್ಟೆ ತನ್ನಿ. ಪೆನ್ನು ತರಬೇಡಿ.

ಯಲಹಂಕದಿಂದ:

ನಾನು ಬರುತ್ತೇನೆ. ಮಗಳನ್ನೂ ಕರೆದುಕೊಂಡು ಬರಲಾ?